ಕೂರಲು ಜಾಗವಿದ್ದ ಯಾರ್ಡು

ನಮ್ಮ ಭಾವ ಗವಿಸಿದ್ದಯ್ಯನವರಿಗೆ ಗೂಡ್ಸ್ ರೈಲಿನ ಹುಚ್ಚು. ಪ್ಯಾಸೆಂಜರ್ ರೈಲನ್ನು ಯಾರು ಬೇಕಾದರೂ ಮೆಚ್ಚಿಕೊಳ್ಳುತ್ತಾರೆ. ಅದಕ್ಕೆ ಕಿಟಕಿ ಇರುತ್ತದೆ, ಕಿಟಕಿಯಲ್ಲಿ ಮುಖಗಳಿರುತ್ತವೆ. ಗೂಡ್ಸ್ ರೈಲಿನಲ್ಲಿ ಏನಿದೆ? ಮುಚ್ಚಿದ ಡಬ್ಬಿ, ತುಕ್ಕು. ಅದನ್ನು ಮೆಚ್ಚಬೇಕಾದರೆ ತಲೆಯಲ್ಲಿ ಒಂದು ಬೋಲ್ಟಾದರೂ ಸಡಿಲವಿರಬೇಕು ಎಂದು ನಾನು ಅವರ ಎದುರಿಗೇ ಹೇಳುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು. ಈಗ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ನಾನು ದಯಾನಂದ್. ಬಿಡದಿ ಸ್ಟೇಷನ್ ಹತ್ತಿರ ತಟ್ಟೆ ಇಡ್ಲಿ ಹೋಟೆಲ್ ನಡೆಸುತ್ತೇನೆ. ನನ್ನ ಅಕ್ಕ ಬಸಮ್ಮನನ್ನು ಚನ್ನಪಟ್ಟಣದ ಹತ್ತಿರ ಹೊಂಗನೂರಿಗೆ ಕೊಟ್ಟಿದ್ದು. ಭಾವನದು ರೇಷ್ಮೆ ಹುಳ ಸಾಕುವ ಮನೆ, ಆದರೆ ಅವರಿಗೆ ಹುಳದ ವಾಸನೆ ಆಗಿಬರಲಿಲ್ಲ. ಮೀಸೆ ಚಿಗುರುವ ಹೊತ್ತಿಗೇ ಚನ್ನಪಟ್ಟಣಕ್ಕೆ ಹೋಗಿ ಗಫಾರ್ ಸಾಬರ ಹತ್ತಿರ ಬೊಂಬೆ ಕೆಲಸ ಕಲಿತರು. ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ಗಿರಗಿರ ತಿರುಗುವಾಗ ಉಳಿ ಹಿಡಿದು ಆಕಾರ ತೆಗೆಯುವ ಕೆಲಸ ಅದು. ಆಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಕೊನೆಯಲ್ಲಿ ತಾಳೆಗರಿ ಅದುಮಿ ಹಿಡಿದರೆ ಹೊಳಪು ಬರುತ್ತದೆ. ಲೇತಿನಿಂದ ಬರುವುದೆಲ್ಲ ಗುಂಡಗೇ ಇರುತ್ತದೆ. ಬುಗುರಿ, ಗಿಲಕಿ, ಚಕ್ರ, ನೆಟ್ಟಗೆ ನಿಂತ ರಾಜ, ಅವನ ಪಕ್ಕ ನೆಟ್ಟಗೆ ನಿಂತ ರಾಣಿ. ಮೂಲೆ ಇರುವ ವಸ್ತು ಬೇಕೆಂದರೆ ಗರಗಸ ಹಿಡಿಯಬೇಕು, ಭಾವನಿಗೆ ಗರಗಸ ಕಂಡರಾಗದು.

ಯಾರೋ ವ್ಯಾಪಾರಿ ಆಟದ ರೈಲಿನ ಸ್ಯಾಂಪಲ್ ಕೇಳಿದ್ದರಂತೆ. ನಿಜವಾದ ರೈಲು ನೋಡಿಕೊಂಡು ಮಾಡೋಣವೆಂದು ಭಾವ ಚನ್ನಪಟ್ಟಣ ಸ್ಟೇಷನ್ನಿಗೆ ಹೋದರು. ಜೊತೆಗೆ ಮಗ ರೇಣುಕಾಪ್ರಸಾದನನ್ನೂ ಕರೆದುಕೊಂಡು ಹೋದರು. ನಮಗೆಲ್ಲ ಅವನು ರೇಣು, ಆಗಿನ್ನೂ ಸ್ಕೂಲಿಗೆ ಸೇರಿರಲಿಲ್ಲ. ಆ ಕಾಲದಲ್ಲಿ ನಮ್ಮ ಕಡೆ ಇನ್ನೂ ಸಿಂಗಲ್ ಲೈನು, ಎದುರಿನಿಂದ ಬರುವ ರೈಲಿಗೆ ದಾರಿ ಬಿಡಲು ಗೂಡ್ಸ್ ರೈಲುಗಳು ಗಂಟೆಗಟ್ಟಲೆ ನಿಂತಿರುತ್ತಿದ್ದವು. ಹಳೇ ಗೂಡ್ಸ್ ಶೆಡ್ಡಿನ ಮುಂದೆ ಚಪ್ಪಡಿ ಕಲ್ಲಿನ ಒಂದು ಕಟ್ಟೆ ಇತ್ತು. ಹಮಾಲರು ಮೂಟೆ ಇಳಿಸಿ ಬೀಡಿ ಹಚ್ಚಲು ಕೂರುತ್ತಿದ್ದ ಕಟ್ಟೆ. ಭಾವ ರೇಣುವನ್ನು ಅದರ ಮೇಲೆ ಕೂರಿಸಿ, ಕೈಗೆ ಒಂದು ಬನ್ನು ಕೊಟ್ಟು, ತಾವು ಡಬ್ಬಿಯ ಕೆಳಗೆ ಬಗ್ಗಿ ಚಕ್ರ ನೋಡಿದರು. ಸ್ಯಾಂಪಲ್ ಕೆಲಸ ಮುಗಿದ ಮೇಲೂ ಅಪ್ಪ ಮಗ ಭಾನುವಾರ ಬಂತೆಂದರೆ ಆ ಕಟ್ಟೆಗೆ ಹೋಗುವುದನ್ನು ಬಿಡಲಿಲ್ಲ.

ಹುಳ ಸಾಕುವುದನ್ನು ನಿಲ್ಲಿಸಿದ ಮೇಲೆ ಹೊಂಗನೂರಿನ ಹುಳುಮನೆ ಖಾಲಿ ಬಿದ್ದಿತ್ತು. ಅಲ್ಲಿ ಹಲಗೆ ಹಾಸಿ ಒಂದು ಗೂಡ್ಸ್ ಯಾರ್ಡ್ ಕಟ್ಟಬೇಕು, ಮರದ ಹಳಿ, ಮರದ ಡಬ್ಬಿ, ಎಲ್ಲ ತಮ್ಮ ಕೈಯಿಂದಲೇ, ಎಂದು ಅಪ್ಪ ಮಗ ಸೇರಿ ತೀರ್ಮಾನ ಮಾಡಿದರು. ಅಕ್ಕ ಕೈಮುಗಿದು, "ನಿಮ್ಮಿಬ್ರಿಗೂ ಒಂದೇ ಹುಳ ಹತ್ತೈತೆ" ಎಂದಳು.

ಆದರೆ ಯಾವ ಯಾರ್ಡು? ಕೆಲಸ ಅಲ್ಲೇ ನಿಂತಿತು. ಬೆಂಗಳೂರಿನಲ್ಲಿ ಇಂಥದ್ದೇ ಹುಚ್ಚಿನವರು ಕೆಲವರಿದ್ದಾರೆ, ಅವರಲ್ಲೊಬ್ಬರು ರೇಣುವಿಗೆ ಪ್ರೋಟೋಟೈಪ್ ಎಂಬ ಮಾತು ಹೇಳಿಕೊಟ್ಟರು. ಮನಸ್ಸಿಗೆ ಬಂದ ಹಾಗೆ ಹಳಿ ಹಾಕಿದರೆ ಅದು ಆಟಿಕೆ. ಎಲ್ಲೋ ನಿಜವಾಗಿ ಇರುವ ಒಂದು ಯಾರ್ಡನ್ನು ಆರಿಸಿಕೊಂಡು, ಅದನ್ನು ನೋಡಿ ನೋಡಿ ಚಿಕ್ಕದು ಮಾಡಿದರೆ ಮಾತ್ರ ಅದಕ್ಕೆ ಮರ್ಯಾದೆ. ರೇಣು ಅದಕ್ಕೆ 'ಅಸಲಿ ಯಾರ್ಡು' ಎಂದು ಹೆಸರಿಟ್ಟ.

ಭಾವ ಚನ್ನಪಟ್ಟಣದ ಯಾರ್ಡೇ ಆಗಲಿ ಎಂದರು. ರೇಣು ಒಪ್ಪಲಿಲ್ಲ.

"ಅಪ್ಪಾ, ಅಲ್ಲಿ ಶೆಡ್ಡಿಗೆ ಇರೋದು ಒಂದೇ ಲೈನು. ಶೆಡ್ಡು ಬಾಗ್ಲು ಹಾಕಿ ಯಾವ ಕಾಲ ಆಯ್ತು. ಅದುನ್ನ ಯಾರ್ಡು ಅಂದ್ರೆ ಜನ ನಗ್ತಾರೆ."

"ನಗ್ಲಿ ಬುಡ್ಲಾ. ನಮ್ದು ಅಂತ ಇರೋದು ಅದೊಂದೇ."

"ಅಲ್ಗೆ ಬರ್ತಿದ್ದಿದ್ದು ಗೊಬ್ಬರದ ಡಬ್ಬಿ. ಚೌಕದ್ದು. ಗರಗ್ಸ ಯಾರು ಹಿಡಿತಾರೆ, ನೀನಾ?"

ಇಲ್ಲಿಗೆ ಬಂದರೆ ಭಾವನ ಬಾಯಿ ಕಟ್ಟುತ್ತಿತ್ತು. ಲೇತಿನವನಿಗೆ ಹೇಳಿ ಮಾಡಿಸಿದ ಡಬ್ಬಿ ಎಂದರೆ ಪೆಟ್ರೋಲ್ ತುಂಬುವ ಟ್ಯಾಂಕರ್ ಡಬ್ಬಿ, ಉದ್ದಕ್ಕೆ, ಗುಂಡಗೆ. ಭಾವ ಅಂಥವನ್ನು ಸಾಲುಸಾಲಾಗಿ ಮಾಡಿ ಇಟ್ಟಿದ್ದರು, ಬೂದು ಬಣ್ಣದ ಅರಗು ಹಾಕಿ. ಪ್ರಪಂಚದಲ್ಲಿ ಬೇರೆ ಯಾರಾದರೂ ಯಾರ್ಡ್ ಆರಿಸುವಾಗ ಜಾಗ ನೋಡುತ್ತಾರೆ, ಹಳಿ ನೋಡುತ್ತಾರೆ. ನಮ್ಮವರು ಲೇತಿನಲ್ಲಿ ತಿರುಗುತ್ತದೆಯೋ ಇಲ್ಲವೋ ಎಂದು ನೋಡಿದರು. ಈ ಜಗಳ ಊಟಕ್ಕೆ ಕೂತಾಗ, ಬಸ್ಸಿನಲ್ಲಿ ಹೋಗುವಾಗ, ನನ್ನ ಹೋಟೆಲ್ಲಿಗೆ ಬಂದಾಗ, ವರ್ಷಗಟ್ಟಲೆ ನಡೆಯಿತು. ಇಡ್ಲಿ ಆರಿಹೋಗುತ್ತಿತ್ತು, ನನಗೆ ಸಿಟ್ಟು ಬರುತ್ತಿತ್ತು. ಅಷ್ಟು ಸುಖದ ಜಗಳವನ್ನು ನಾನು ಬೇರೆ ಯಾವ ಮನೆಯಲ್ಲೂ ನೋಡಿಲ್ಲ.

ರೇಣು ಡಿಪ್ಲೊಮಾ ಮುಗಿಸಿದ. ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಸೇರಿಸುತ್ತೇನೆ ಬಾರೋ ಎಂದು ನಾನು ಎಷ್ಟು ಕರೆದರೂ ಕೇಳಲಿಲ್ಲ. ಹೊರರಾಜ್ಯದ ಒಂದು ದೊಡ್ಡ ಸರಕು ಯಾರ್ಡಿನಲ್ಲಿ ಡಬ್ಬಿಗೆ ಡಬ್ಬಿ ಜೋಡಿಸುವ, ಬಿಡಿಸುವ ಕೆಲಸಕ್ಕೆ ಸೇರಿದ. ಆ ಊರಿನ ಹೆಸರು ನಾನು ಬರೆಯುವುದಿಲ್ಲ. ಆ ಹೆಸರನ್ನು ಮನೆಯಲ್ಲಿ ಯಾರೂ ಆಡಬಾರದೆಂದು ಅಕ್ಕ ಹೇಳಿದ್ದಾಳೆ.

ಹೋದ ಮೊದಲ ವಾರವೇ ಅವನು ವಿಡಿಯೋ ಕಾಲ್ ಮಾಡಿ ಯಾರ್ಡನ್ನು ತೋರಿಸಿದ. ನಾನೂ ಆಗ ಭಾವನ ಪಕ್ಕದಲ್ಲಿದ್ದೆ. ಕಣ್ಣು ಹಾಯುವವರೆಗೂ ಹಳಿ, ಹಳಿಯ ತುಂಬ ಡಬ್ಬಿ. ಫೋನು ತಿರುಗಿಸುತ್ತ ಅವನು ಕೂಗಿದ, "ನೋಡಪ್ಪಾ, ಬರೀ ಟ್ಯಾಂಕರು! ನಿನ್ನ ಲೇತಿಗೇ ಮಾಡ್ಸಿರೋ ಯಾರ್ಡು ಕಣಪ್ಪಾ ಇದು. ಇದುನ್ನೇ ಮಾಡು. ನಾನು ದಿನಾ ಒಂದೊಂದು ಲೈನ್ ತೋರುಸ್ತೀನಿ."

ಭಾವನ ಮುಖ ಅರಳಿತು. "ಆಯ್ತು ಕಣ್ಲಾ, ಅದೇ ಮಾಡ್ತೀನಿ. ಮಾತು ಕೊಟ್ಟೆ" ಎಂದರು.

ಅವನು ಹೇಳಿದಂತೆ ಒಂದೊಂದೇ ಲೈನ್ ತೋರಿಸಿದ. ಭಾವ ಫೋನು ನೋಡಿಕೊಂಡು ಹುಳುಮನೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು, ಗೆರೆಯ ಮೇಲೆ ಹಳಿ ಕೂರಿಸಿದರು. ಅರ್ಧ ಯಾರ್ಡ್ ಎದ್ದು ನಿಂತಿತು. ದಸರಾಕ್ಕೆ ಬಂದಿದ್ದಾಗ ರೇಣು ಅದನ್ನು ನೋಡಿ, ಬಗ್ಗಿ, ಹಲಗೆಯ ಮಟ್ಟಕ್ಕೆ ಕಣ್ಣಿಟ್ಟು, ನಾನು ನಿಲ್ಲೋದು ಇಲ್ಲಿ ಎಂದು ಒಂದು ಕಡೆ ಬೆರಳಿಟ್ಟು ತೋರಿಸಿದ. ಭಾವ ಅಲ್ಲೊಂದು ಸೀಮೆಸುಣ್ಣದ ಗುರುತು ಹಾಕಿದರು.

ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ, ಆ ಕಡೆಯೆಲ್ಲ ಮಂಜು ಕವಿದಿದ್ದಾಗ, ಎರಡು ಡಬ್ಬಿಗಳ ನಡುವೆ ಸಿಕ್ಕಿ ರೇಣು ತೀರಿಕೊಂಡ. ಯಾರ ತಪ್ಪೂ ಇರಲಿಲ್ಲವಂತೆ. ಮಂಜಿನ ಮೇಲೆ ಯಾರು ಕೇಸು ಹಾಕುತ್ತಾರೆ?

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಗುಣಿಯೊಳಗೆ ಗೂಡು ಮಾಡಿ, ಚಕ್ಕಳಮಕ್ಕಳ ಹಾಕಿ ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ ಗಟ್ಟಿ, ಬಿಲ್ವಪತ್ರೆ ತುಂಬಿ ಮಣ್ಣು ಮಾಡುತ್ತೇವೆ. ಪೂಜೆಗೆ ಕೂತವರ ಹಾಗೆ ಕೂತೇ ಹೋಗಬೇಕು. ನಮ್ಮಜ್ಜ ಹಾಗೆ ಹೋದರು, ಭಾವನ ಅಪ್ಪ ಅಮ್ಮ ಹಾಗೆ ಹೋದರು. ಆದರೆ ರೇಣುವನ್ನು ಕೂರಿಸಲಾಗಲಿಲ್ಲ. ಅವನು ಬಂದಿದ್ದ ಸ್ಥಿತಿ ಅಂಥದ್ದು, ಅದಕ್ಕಿಂತ ಹೆಚ್ಚು ನಾನು ಬರೆಯಲಾರೆ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ನೋಡಿ, ತಲೆಯಾಡಿಸಿ, ಮಲಗಿಸಿಯೇ ಮಾಡಿ, ಶಿವನಿಗೆ ಎಲ್ಲ ಒಂದೇ ಎಂದರು. ಅಕ್ಕ ಗುಣಿಯ ಅಂಚಿನಲ್ಲಿ ನಿಂತು, "ಕೂರ್ಸಿ, ಹೆಂಗಾದ್ರೂ ಕೂರ್ಸಿ, ನನ್ ಮಗನ್ನ ಮಲಗ್ಸಬ್ಯಾಡಿ" ಎಂದು ಕೂಗುತ್ತಲೇ ಇದ್ದಳು. ನಾನು ಅವಳನ್ನು ಹಿಡಿದುಕೊಂಡಿದ್ದೆ. ನನ್ನ ಎದೆ ಒಡೆದದ್ದು ರೇಣು ಹೋದ ಸುದ್ದಿ ಕೇಳಿದಾಗ ಅಲ್ಲ, ಆ ಕೂಗು ಕೇಳಿದಾಗ.

ಹನ್ನೊಂದರ ಕಾರ್ಯ ಮುಗಿದ ಮಾರನೆಯ ದಿನವೇ ಭಾವ ಹುಳುಮನೆಯ ಬಾಗಿಲು ತೆಗೆದು ಒಳಗೆ ಹೋದರು. ಉಳಿದ ಅರ್ಧ ಯಾರ್ಡನ್ನು ಕಟ್ಟಲು ಶುರು ಮಾಡಿದರು. ಗೊತ್ತಾಗುತ್ತಲೇ ಅಕ್ಕ ಬಾಗಿಲ ಹೊರಗೆ ನಿಂತು ಹೇಳಿದಳು.

"ನನ್ ಮಗನ್ನ ತಿಂದಿದ್ದು ನನ್ ಮನೆ ಒಳಗೆ ಬ್ಯಾಡ. ಬೇರೆ ಯಾವುದಾರ ಮಾಡ್ಕಳಿ. ಇದುನ್ನ ಕಿತ್ತಾಕಿ."

"ಮಾತು ಕೊಟ್ಟಿವ್ನಿ ಕಣೆ. ಅವನಿಗೆ ಅಂತ ನಾನು ಇನ್ನೇನು ಮಾಡಕ್ಕಾಯ್ತದೆ?"

"ಹಂಗಾದ್ರೆ ನಾನು ಆ ಬಾಗ್ಲು ತುಳಿಯಕ್ಕಿಲ್ಲ. ನೀವು ಅಲ್ಲೇ ಇರಿ."

ಅವರಿಬ್ಬರ ನಡುವೆ ಮಾತು ನಿಂತಿತು. ತಟ್ಟೆ ಇಟ್ಟು ಎದ್ದು ಹೋಗುವುದು, ಉಂಡು ಎದ್ದು ಹೋಗುವುದು. ನನಗೆ ಇಬ್ಬರ ಮೇಲೂ ಸಿಟ್ಟು, ಇಬ್ಬರನ್ನು ಕಂಡರೂ ಕರುಳು ಕಿತ್ತುಬರುವುದು. ಹೋಟೆಲ್ ಕೆಲಸ ಮುಗಿದ ಮಧ್ಯಾಹ್ನ ಬೈಕ್ ಹತ್ತಿ ಹೊಂಗನೂರಿಗೆ ಹೋಗುತ್ತಿದ್ದೆ. ಮೂರ್ಖನ ಹಾಗೆ ಬೇರೆ ಯಾರ್ಡುಗಳನ್ನು ಮಾರಲು ನೋಡುತ್ತಿದ್ದೆ. ಬಿಡದಿ ಮಾಡಿ ಭಾವ, ರೈಲಿನಲ್ಲಿ ಕಾರು ತುಂಬಿದ ಹಾಗೆ ಮಾಡಿ, ಚೆನ್ನಾಗಿ ಕಾಣುತ್ತದೆ ಎಂದೆ. ಕಾರಿಗೆ ಮೂಲೆ ಇದೆ ಎಂದರು. ರಾಮನಗರ ಮಾಡಿ, ಹಿಂದೆ ಬೆಟ್ಟ ನಿಲ್ಲಿಸಬಹುದು ಎಂದೆ. ಬೆಟ್ಟ ಯಾಕೆ ಎಂದರು. ಚನ್ನಪಟ್ಟಣ ಮಾಡಿ, ನೀವು ಮೊದಲು ಹೇಳಿದ್ದು ಅದೇ ಅಲ್ಲವೇ ಎಂದಾಗ ಮಾತ್ರ ಅವರು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟರು.

"ಅವನಿಗೆ ಅದು ಇಷ್ಟ ಇರ್ಲಿಲ್ಲ ಕಣಯ್ಯ ದಯಾ. ಬದುಕಿರೋವಾಗ ಬ್ಯಾಡ ಅಂದಿದ್ದುನ್ನ ಸತ್ತ ಮೇಲೆ ಅವನ ತಲೆಗೆ ಕಟ್ಲಾ?"

ಆ ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದರು, "ಈ ಗೂಡ್ಸ್ ಹುಚ್ಚು ಹಿಡ್ಸಿದ್ದು ನಾನು. ಆ ಕಟ್ಟೆ ಮೇಲೆ ಕೂರ್ಸಿದ್ದು ನಾನು. ನನ್ನ ಕೈ ಹಿಡ್ಕೊಂಡೇ ಅವನು ಅಲ್ಲಿಗೆ ಹೋಗಿದ್ದು." ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಯಾರ್ಡು ಮುಗಿಯುತ್ತ ಬಂತು. ಟ್ಯಾಂಕರುಗಳು ಸಾಲಾಗಿ ನಿಂತವು. ಆಮೇಲೆ ಭಾವ ಸಣ್ಣ ಸಣ್ಣ ಆಳುಗಳನ್ನು ಮಾಡಿ ತಂದರು, ಬೆರಳಿನ ಗಾತ್ರದವು, ಮೈಗೆ ಕಿತ್ತಳೆ ಬಣ್ಣ, ತಲೆಗೆ ಹಳದಿ. ಲೇತಿನಿಂದ ಬಂದ ಆಳುಗಳಲ್ಲವೇ, ಎಲ್ಲರೂ ನೆಟ್ಟಗೆ ನಿಂತವರೇ. ಅದರಲ್ಲೊಂದನ್ನು ಅವರು ರೇಣು ಬೆರಳಿಟ್ಟು ತೋರಿಸಿದ್ದ ಸೀಮೆಸುಣ್ಣದ ಗುರುತಿನ ಮೇಲೆ, ಎರಡು ಡಬ್ಬಿಗಳ ನಡುವೆ ನಿಲ್ಲಿಸಿದರು. ನಿಲ್ಲಿಸಿ, ಡಬ್ಬಿಯನ್ನು ಒಸಿ ತಳ್ಳುವುದು, ಹಿಂದಕ್ಕೆ ಎಳೆಯುವುದು, ಮತ್ತೆ ತಳ್ಳುವುದು. ಆ ಆಳು ಯಾವ ಕಡೆ ಜಿಗಿದಿದ್ದರೆ ಬದುಕುತ್ತಿದ್ದ ಎಂದು ನೋಡುತ್ತಿದ್ದರು. ನಾನು ನೋಡಲಾರದೆ ಹೊರಗೆ ಬಂದು ಹಿಪ್ಪುನೇರಳೆ ಹೊಲದ ಬದುವಿನ ಮೇಲೆ ಕೂತೆ.

ಒಂದು ಮಧ್ಯಾಹ್ನ ಊಟದ ಹೊತ್ತು ಮೀರಿದರೂ ಭಾವ ಹೊರಗೆ ಬರಲಿಲ್ಲ. ಅಕ್ಕ ನನ್ನನ್ನು ಕಳಿಸಿದಳು. ಕರೆದರೆ ಅವರಿಗೆ ಕೇಳಿಸಲೇ ಇಲ್ಲ, ಡಬ್ಬಿ ತಳ್ಳುತ್ತಲೇ ಇದ್ದರು. ನಾನು ಬಾಗಿಲಿಗೆ ಬಂದು, "ಅಕ್ಕಾ, ನೀನೇ ಬಾ, ನನ್ ಕೈಲಾಗಕ್ಕಿಲ್ಲ" ಎಂದೆ. ಅವಳು ಹೊಸ್ತಿಲ ಹತ್ತಿರ ಬಹಳ ಹೊತ್ತು ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದಳು.

ಕಿರುಚುತ್ತಾಳೆ, ಎಲ್ಲ ಕಿತ್ತು ಬಿಸಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಹಲಗೆಯ ಸುತ್ತ ಒಂದು ಸುತ್ತು ಬಂದಳು. ಆ ಎರಡು ಡಬ್ಬಿಗಳ ನಡುವೆ ನಿಂತಿದ್ದ ಆಳನ್ನು ಕಂಡಳು. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಎರಡು ಬೆರಳಲ್ಲಿ ಅದನ್ನು ಎತ್ತಿಕೊಂಡು ಅಂಗೈ ಮೇಲೆ ಇಟ್ಟುಕೊಂಡಳು.

"ಯಾಕೆ ನಿಲ್ಸಿದ್ದೀರಿ ಇವನ್ನ?" ಎಂದಳು. "ಅವತ್ತಿಂದ ನಿಂತೇ ಅವ್ನಾ?"

ಭಾವ ಡಬ್ಬಿಯಿಂದ ಕೈ ತೆಗೆದರು.

"ಕೂರ್ಸಿ. ಅಲ್ಲಂತೂ ಆಗ್ಲಿಲ್ಲ. ಇಲ್ಲಾದ್ರೂ ಕೂರ್ಸಿ."

"ಲೇತಲ್ಲಿ ನಿಂತಿರೋವೇ ಬರೋದು ಕಣೆ" ಎಂದರು ಭಾವ. "ಕಾಲು ಮಡ್ಸಕ್ಕೆ ಬರಕ್ಕಿಲ್ಲ."

"ಹುಟ್ದಾಗಿಂದ ಬೊಂಬೆ ಮಾಡೀರಿ. ಒಂದು ಕೂತಿರೋ ಬೊಂಬೆ ಮಾಡಕ್ಕೆ ಬರಕ್ಕಿಲ್ವಾ?"

ತಿಂಗಳುಗಳ ಮೇಲೆ ಅವರಿಬ್ಬರು ಆಡಿದ ಮಾತು ಅಷ್ಟು.

ಮಾರನೆಯ ದಿನ ನಾನೂ ಭಾವನೂ ಚನ್ನಪಟ್ಟಣಕ್ಕೆ, ಗಫಾರ್ ಸಾಬರ ಅಂಗಡಿಗೆ ಹೋದೆವು. ಭಾವ ಒಂದು ತುಂಡು ಸಿಕ್ಕಿಸಿ ತಿರುಗಿಸಿದರು, ಬಂದದ್ದು ಬುಗುರಿ. ಇನ್ನೊಂದು ತಿರುಗಿಸಿದರು, ಗಿಲಕಿಯ ಹಾಗೆ ಕಂಡಿತು. ಮೂರನೆಯದು ಕೂತಿತು, ಆದರೆ ಮುಟ್ಟಿದರೆ ಉರುಳಿ ಬಿದ್ದಿತು. ಅದು ಬಿದ್ದದ್ದೇ ಭಾವ ಉಳಿ ಬಿಸಾಕಿ, ನೆಲದ ಮೇಲೆ, ಮರದ ಹೊಟ್ಟಿನಲ್ಲಿ ಕೂತು ಅತ್ತುಬಿಟ್ಟರು. ಮಗ ಸತ್ತ ಮೇಲೆ ಅವರು ಅತ್ತದ್ದು ಆಗಲೇ. ಅಕ್ಕಪಕ್ಕದ ಲೇತುಗಳು ಒಂದೊಂದಾಗಿ ನಿಂತವು.

ಗಫಾರ್ ಸಾಬರಿಗೆ ಈಗ ವಯಸ್ಸಾಗಿದೆ, ಕೈ ನಡುಗುತ್ತದೆ, ಆದರೂ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಇರುತ್ತಾರೆ. ಅವರು ಎದ್ದು ಬಂದು ಭಾವನ ಬೆನ್ನ ಮೇಲೆ ಕೈ ಇಟ್ಟರು.

"ಸಿದ್ದಯ್ಯ, ಕಾಲು ಮಾಡಕ್ಕೆ ಹೋಗ್ಬ್ಯಾಡ. ಕಾಲು ಕಾಣಕ್ಕಿಲ್ಲ, ಪಂಚೆ ಒಳಗೆ ಇರ್ತದೆ. ಕೆಳಗೆ ಅಗಲ ಬುಡು, ಸೊಂಟದತ್ರ ಒಸಿ ಕಿರಿದು ಮಾಡು, ಹೆಗಲು ತಗಿ, ತಲೆ ಸಣ್ಣದು ಮಾಡು. ಕೂತ್ಕತಾನೆ. ಏಳು ಬೇಟಾ."

ಭಾವ ಎದ್ದರು. ಮುಖ ಒರೆಸಿಕೊಂಡು ಹೊಸ ತುಂಡು ಸಿಕ್ಕಿಸಿದರು. ಮೊಳಕಾಲು ಮಡಿಸಿ ಪಂಚೆ ಹರಡಿಕೊಂಡು ಕೂತವನ ಹಾಗೆ ಕೆಳಗೆ ಅಗಲವಾಗಿ ಬಂತು, ಮೇಲೆ ಕಿರಿದಾಗುತ್ತ ಹೋಯಿತು. ಪಂಚೆಗೆ ಬಿಳಿ ಅರಗು ಒತ್ತಿದರು, ಮೈಗೆ ಕಂದು. ಕಿತ್ತಳೆ ಕಡ್ಡಿಯನ್ನು ಮುಟ್ಟಲಿಲ್ಲ. ತಾಳೆಗರಿ ಹಿಡಿದು ಹೊಳಪು ಕೊಟ್ಟು ಲೇತ್ ನಿಲ್ಲಿಸಿ, ಮೇಜಿನ ಮೇಲಿಟ್ಟು ಬೆರಳಲ್ಲಿ ತಟ್ಟಿದರು. ಬೀಳಲಿಲ್ಲ.

ಮನೆಯಲ್ಲಿ ಅಕ್ಕ ಅದನ್ನು ಕೈಗೆ ತೆಗೆದುಕೊಂಡು ದೇವರ ಮನೆಗೆ ಹೋಗಿ, ವಿಭೂತಿಯಲ್ಲಿ ಅದರ ಹಣೆಗೆ ಮೂರು ಗೆರೆ ಎಳೆದಳು. ಬೆರಳಿನಲ್ಲಿ ಆಗಲಿಲ್ಲ, ಹಣೆ ಅಷ್ಟು ಚಿಕ್ಕದು, ಊದಿನಕಡ್ಡಿಯ ತುದಿಯಲ್ಲಿ ಎಳೆದಳು. ಆಮೇಲೆ ಹುಳುಮನೆಗೆ ಬಂದು, "ಎಲ್ ಕೂರ್ಸದು?" ಎಂದು ಕೇಳಿದಳು.

ಭಾವ ಯಾರ್ಡನ್ನು ನೋಡಿದರು. ಫೋನು ತೆಗೆದು ರೇಣು ಕಳಿಸಿದ್ದ ಫೋಟೋಗಳನ್ನು, ವಿಡಿಯೋಗಳನ್ನು ಮತ್ತೆ ಒಂದೊಂದಾಗಿ ನೋಡಿದರು. ನಾನೂ ಅವರ ಹೆಗಲ ಮೇಲಿಂದ ನೋಡಿದೆ. ಹಳಿ, ಜಲ್ಲಿ, ಕಂಬ, ಡಬ್ಬಿ. ಅಷ್ಟು ದೊಡ್ಡ ಯಾರ್ಡಿನಲ್ಲಿ ಒಬ್ಬ ಮನುಷ್ಯ ಕೂರಲು ಒಂದು ಕಲ್ಲೂ ಇರಲಿಲ್ಲ. ರೇಣು ಆ ಜಾಗದಲ್ಲಿ ಇದ್ದಷ್ಟು ದಿನವೂ ನಿಂತೇ ಇದ್ದ. ಭಾವ ಫೋನು ಜೇಬಿಗಿಟ್ಟು, ಒಂದು ಟ್ಯಾಂಕರನ್ನು ಹಳಿಯ ಮೇಲಿಂದ ಎತ್ತಿ ಬುಟ್ಟಿಗೆ ಹಾಕಿದರು. ಇನ್ನೊಂದನ್ನು ಎತ್ತಿದರು. ಆಮೇಲೆ ಅಕ್ಕನೂ ಕೈ ಹಾಕಿದಳು. ಗಂಡ ಹೆಂಡತಿ ಇಬ್ಬರೂ ಸೇರಿ ಆ ಯಾರ್ಡನ್ನೆಲ್ಲ ಎತ್ತಿದರು.

ಭಾವ ಈಗ ಚನ್ನಪಟ್ಟಣದ ಹಳೇ ಗೂಡ್ಸ್ ಶೆಡ್ಡನ್ನು ಕಟ್ಟಿದ್ದಾರೆ. ಅದಕ್ಕೆ ಗರಗಸ ಹಿಡಿದರು, ಕೈಗೆ ಗಾಯ ಮಾಡಿಕೊಂಡರು, ಡಬ್ಬಿಗಳೆಲ್ಲ ಒಸಿ ಸೊಟ್ಟ. ಒಂದು ಲೈನು, ಒಂದು ಶೆಡ್ಡು, ಶೆಡ್ಡಿನ ಮುಂದೆ ನಿಜವಾದ ಕಲ್ಲಿನ ಚೂರಿನಿಂದ ಮಾಡಿದ ಕಟ್ಟೆ. ಅಕ್ಕನೇ ತನ್ನ ಕೈಯಾರೆ ಅವನನ್ನು ಅದರ ಮೇಲೆ ಕೂರಿಸಿದಳು, ಮುಖ ಹಳಿಯ ಕಡೆಗೆ. ನನ್ನ ಕಣ್ಣು ತುಂಬಿದ್ದನ್ನು ನೋಡಿ, "ಸಮಾಧಾನ ಆಯ್ತು ಅನ್ಕೊಬ್ಯಾಡ ದಯಾ, ಮಣ್ಣಲ್ಲಿ ಇನ್ನೂ ಮಲಗೇ ಅವ್ನೆ" ಎಂದು ಹೇಳಿ ಹೊರಗೆ ಹೋದಳು.

ಭಾವ ಗೂಡ್ಸ್ ರೈಲನ್ನು ನಿಧಾನವಾಗಿ ತಳ್ಳಿಕೊಂಡು ಬಂದು ಕಟ್ಟೆಯ ಮುಂದೆ ನಿಲ್ಲಿಸಿದರು. ಬಗ್ಗಿ, ಹಲಗೆಯ ಮಟ್ಟಕ್ಕೆ ಕಣ್ಣಿಟ್ಟು, ಬಹಳ ಹೊತ್ತು ನೋಡಿದರು. ನಾನು ಅಲ್ಲಿರುವುದನ್ನು ಮರೆತಿದ್ದರೋ ಏನೋ.

"ಯಾರ್ಡು ಚಿಕ್ಕದಾಯ್ತು ಅಲ್ವೇನಪ್ಪಾ" ಎಂದರು ಆ ಬೊಂಬೆಗೆ. "ಕೊಟ್ಟಿದ್ದ ಮಾತು ಉಳಿಸ್ಕಳಕ್ಕೆ ಆಗ್ಲಿಲ್ಲ. ನಿಮ್ಮವ್ವ ಕೂರ್ಸು ಅಂದ್ಲು, ಕೂರ್ಸಿವ್ನಿ. ಒಸಿ ಹೊತ್ತು ಕೂತಿರು."